ಎರಡು ಹಾಡುಗಳ ನಡುವೆ

ಕ್ಯಾಸೆಟ್ಟಿನ ಡಬ್ಬಿಗೆ ಅಂಟಿಸಿದ್ದ ಆ ಕಪ್ಪು ಬಿಳುಪು ಚಿತ್ರದಲ್ಲಿ ವೇದಿಕೆ ತೀರ ದೂರದಲ್ಲಿತ್ತು. ಬೆಂಕಿಕಡ್ಡಿಯ ತುದಿಯಷ್ಟು ಬೆಳಕು, ಅದರೊಳಗೆ ನಾಲ್ಕು ಮಸುಕು ಗೆರೆಗಳು. ಆ ಗೆರೆಗಳೇ ‘ಕಾಪರ್ ಹಾರ್ಬರ್’ ಎಂಬ ರಾಕ್ ತಂಡ. ಚಿತ್ರದ ಉಳಿದ ಭಾಗವೆಲ್ಲ ತಲೆಗಳು. ಉದ್ದಗೂದಲಿನ ತಲೆ, ಟೋಪಿಯ ತಲೆ, ಯಾರದೋ ಹೆಗಲೇರಿ ಕುಳಿತ ಹುಡುಗಿಯ ತಲೆ. ಮೇಲೆತ್ತಿದ ಕೈಗಳು ಇಳಿಯುವುದನ್ನು ಮರೆತು ನಿಂತಿದ್ದವು. ಎಡ ಅಂಚಿನಲ್ಲಿ ಕಸಬರಿಗೆಯ ಉದ್ದನೆಯ ಕೋಲೊಂದು ಎಲ್ಲರಿಗಿಂತ ಎತ್ತರಕ್ಕೆ ಎದ್ದಿತ್ತು. ಅದರ ತುದಿಗೆ ಕಟ್ಟಿದ ಮೈಕು. ಕೋಲನ್ನು ಹಿಡಿದ ಕೈ ಮಣಿಕಟ್ಟಿನವರೆಗೆ ಮಾತ್ರ ಕಾಣುತ್ತಿತ್ತು. ಅದು ಗುರುಪ್ರಸಾದನ ಕೈ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಮಾತು. ತಮ್ಮ ಹಾಡುಗಳನ್ನು ಕೇಳುಗರು ರೆಕಾರ್ಡ್ ಮಾಡಿಕೊಳ್ಳಲು ಆ ತಂಡದವರು ಬಿಡುತ್ತಿದ್ದರು. ಹೀಗಾಗಿ ಸಭಾಂಗಣದ ಹಿಂಭಾಗದಲ್ಲಿ ಇಂಥ ಕೋಲುಗಳ ಒಂದು ಸಣ್ಣ ಕಾಡೇ ಏಳುತ್ತಿತ್ತು. ವ್ಯಾಸರಾಜನೂ ಅಂದು ಅಲ್ಲಿದ್ದ, ಗೆಳೆಯನ ಒತ್ತಾಯಕ್ಕೆ, ಕಿವಿಗೆ ಹತ್ತಿ ತುರುಕಿಕೊಂಡು. ಗುರುಪ್ರಸಾದ ಮಾರ್ಚಿನಲ್ಲಿ ತೀರಿಕೊಂಡ. ಈಗ ಅವನ ಹೆಂಡತಿ ಪದ್ಮಜಾ ಮತ್ತು ಮಗಳು ಇಂಚರಾ ಸ್ಯಾನ್ ರಮೋನಿನಿಂದ ಬಂದು, ಸ್ಯಾನ್ ಮಟಿಯೋದ ವ್ಯಾಸರಾಜನ ಮನೆಯ ಸೋಫಾದ ಮೇಲೆ ಕುಳಿತಿದ್ದರು.

"ಅಪ್ಪ ಯಾವಾಗ್ಲೂ ಹೇಳ್ತಿದ್ರು ಅಂಕಲ್," ಎಂದಳು ಇಂಚರಾ, "ಸ್ಟುಡಿಯೋ ಆಲ್ಬಮ್ ಅಂದ್ರೆ ಪಾಸ್‌ಪೋರ್ಟ್ ಫೋಟೋ, ಲೈವ್ ಆಲ್ಬಮ್ ಅಂದ್ರೆ ಅದೇ ಮನುಷ್ಯ ಬಸ್ ಹಿಡಿಯೋಕೆ ಓಡ್ತಿರೋದು ಅಂತ. ಡೈಲಿ ಸ್ಕೂಲ್ ಡ್ರಾಪಲ್ಲಿ ಇದೇ ಲೆಕ್ಚರು!"

"ನಂಗೂ ಹೇಳ್ತಿದ್ದ," ಎಂದ ವ್ಯಾಸರಾಜ. "ಓಡೋವಾಗ ಅವನ ಚಪ್ಪಲಿ ಕಿತ್ತುಹೋಗಿರತ್ತಲ್ಲಪ್ಪಾ, ಅದನ್ನೂ ನಾವು ಕೇಳಬೇಕಾ ಅಂತಿದ್ದೆ ನಾನು."

"ಕೇಳಬೇಕು ಅಂತಿದ್ರು. ಚಪ್ಪಲಿಯೇ ಮುಖ್ಯ ಅಂತ," ಪದ್ಮಜಾ ನಕ್ಕರು.

ನಲವತ್ತೈದು ವರ್ಷ ಇಬ್ಬರು ಗೆಳೆಯರ ನಡುವೆ ನಡೆದದ್ದು ಈ ಒಂದೇ ವಾದ. ತಂಡ ಹೊರತಂದ ಏಳು ಲೈವ್ ಆಲ್ಬಮ್ಮುಗಳೂ ಗುರುಪ್ರಸಾದನಲ್ಲಿದ್ದವು. ನಾಲ್ಕು ನಿಮಿಷದ ಹಾಡು ಜನರ ಕೂಗಿಗೆ ಸಿಕ್ಕಿ ಹದಿನೇಳು ನಿಮಿಷಕ್ಕೆ ಬೆಳೆಯುವುದು, ಡ್ರಮ್ಮಿನವನು ಲಯ ಮೀರಿ ಮುಂದೋಡಿದಾಗ ಉಳಿದವರು ಏದುಸಿರು ಬಿಡುತ್ತ ಅವನನ್ನು ಕೂಡಿಕೊಳ್ಳುವುದು, ತಂತಿ ಕಡಿದ ಗಿಟಾರು ಉಳಿದ ಐದು ತಂತಿಗಳಲ್ಲೇ ಹಟ ಹಿಡಿಯುವುದು, ಇವೆಲ್ಲ ಅವನಿಗೆ ಬಾಯಿಪಾಠ. ವ್ಯಾಸರಾಜನಾದರೋ ಬದುಕಿಡೀ ಧ್ವನಿಯಿಂದ ಗದ್ದಲವನ್ನು ಬೇರ್ಪಡಿಸುವ ಕಸುಬಿನಲ್ಲಿ ತೊಡಗಿದ್ದವನು. ಅವನ ಮಟ್ಟಿಗೆ ಶುದ್ಧವಾದ ನಾದದ ಸುತ್ತ ಇರಬೇಕಾದದ್ದು ಮೌನ ಮಾತ್ರ.

"ಇದ್ದ ಹಾಗೇ ಒಂದು ಕಾಪಿ ಮಾಡಿ ಕೊಡಿ," ಎಂದಷ್ಟೇ, ಆ ರಾತ್ರಿಯ ಕ್ಯಾಸೆಟ್ಟನ್ನು ಅವನ ಕೈಗಿಡುವಾಗ ಪದ್ಮಜಾ ಹೇಳಿದ್ದರು. ಹಳೆಯ ಟೇಪನ್ನು ಮೊದಲು ಇದ್ದಂತೆಯೇ ಒಮ್ಮೆ ಇಳಿಸಿಕೊಳ್ಳಬೇಕು, ಕೈಯಾಡಿಸುವುದು ಆಮೇಲೆ. ಕಿರಿಯರಿಗೆ ಮೂವತ್ತು ವರ್ಷ ಅವನೇ ಕಲಿಸಿದ ನಿಯಮ. ಆದರೆ ಸತ್ತ ಗೆಳೆಯನಿಗೆ ಬರಿಯ ನಕಲು ಕೊಡುವುದು ಅಲ್ಪವೆನಿಸಿತು. ಚಪ್ಪಾಳೆ, ಕೂಗು, ಕೆಮ್ಮುಗಳನ್ನು ಜರಡಿ ಹಿಡಿದು ವಾದ್ಯವನ್ನಷ್ಟೇ ಉಳಿಸುವ, ತಾನೇ ಕಟ್ಟಿದ ಪೆಟ್ಟಿಗೆಯ ಮೂಲಕ ಟೇಪನ್ನು ನೇರವಾಗಿ ಓಡಿಸಿದ. ಟೇಪು ಓಡಿದಷ್ಟೂ ಹಿಂದೆ, ಧ್ವನಿಯನ್ನು ಹಿಡಿದಿಟ್ಟಿದ್ದ ಕಂದು ಲೇಪ ಪುಡಿಯಾಗಿ ಉದುರುತ್ತ ಬಂತು. ಎರಡನೆಯ ಸಲ ಹಾಕಿದಾಗ ಅದರಲ್ಲಿ ಏನೂ ಇರಲಿಲ್ಲ. ಅಂದಿನಿಂದ ಅವನಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಆದರೂ ನಕಲಿನಲ್ಲಿ ಹಾಡುಗಳೆಲ್ಲ ಉಳಿದಿವೆಯಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದ.

ಈಗ ಅವರಿಬ್ಬರ ಮುಂದೆ ಗುಂಡಿ ಒತ್ತಿದ. ಮೊದಲ ಹಾಡು ತೊಳೆದಿಟ್ಟ ಗಾಜಿನಂತೆ ಕೋಣೆಯಲ್ಲಿ ನಿಂತಿತು.

"ವಾವ್! ಎಷ್ಟು ಕ್ಲೀನಾಗಿದೆ ಅಂಕಲ್! ನಿನ್ನೆ ರೆಕಾರ್ಡ್ ಮಾಡಿದ ಹಾಗಿದೆ."

ಪದ್ಮಜಾ ಕಣ್ಣು ಮುಚ್ಚಿ, ಬೆರಳಲ್ಲಿ ತಾಳ ಹಾಕುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಅವರ ಮುಖ ಕೆಂಪೇರಿತು. "ಈಗ ಸುಮ್ಮನಿರಿ ಇಬ್ಬರೂ. ಇಲ್ಲೇ ಉಂಟು," ಎಂದು ಮುಂದಕ್ಕೆ ಬಾಗಿದರು.

ಹಾಡು ನಿಂತಿತು. ಹನ್ನೊಂದು ಸೆಕೆಂಡು ಏನೂ ಇಲ್ಲ. ಎರಡನೆಯ ಹಾಡು ಶುರುವಾಯಿತು.

"ನಡುವೆ ಒಂದಿಷ್ಟು ಬಿಟ್ಟುಹೋಗಿದೆ, ವ್ಯಾಸರಾಯರೇ. ಹಿಂದೆ ಹಾಕಿ."

ಹಾಕಿದ. ಮತ್ತೆ ಹನ್ನೊಂದು ಸೆಕೆಂಡು.

"ಏನಿತ್ತು ಅಲ್ಲಿ?" ಎಂದು ಕೇಳಿದ.

"ಎಂತ ಹೇಳುವುದು, ಈ ಪ್ರಾಯದಲ್ಲಿ," ಪದ್ಮಜಾ ಮಗಳತ್ತ ಒಮ್ಮೆ ನೋಡಿದರು. "ಆ ಮಾರಾಯರು ಮೈಕು ಆನ್ ಇದ್ದದ್ದು ಮರೆತು, ಅಲ್ಲೇ, ಅಷ್ಟು ಜನರ ನಡುವೆ, ಮದುವೆ ಆಗ್ತೀಯಾ ಅಂತ ಕೇಳಿದರು. ನಾನೂ ಏನೋ ಹೇಳಿದೆ. ನೀನು ಒಪ್ಪಿದೆ ಅಂತ ಅವರು, ಇಲ್ಲ ಬೈದೆ ಅಂತ ನಾನು. ಇಷ್ಟು ವರ್ಷ ಅದೇ ಜಗಳ. ಟೇಪು ಹಾಕಿ ಅಂದರೆ, ನಾನು ಸತ್ತ ಮೇಲೆ ಕೇಳು, ಈಗಲೇ ಸೋಲುವುದು ಯಾಕೆ ಅಂತ ನಗುವುದು."

"ಓ ಮೈ ಗಾಡ್, ಅಮ್ಮ! ನಂಗೆ ಇದನ್ನ ಹೇಳೇ ಇಲ್ವಲ್ಲ!"

"ಕಡೆಯ ಎರಡು ವರ್ಷ ಮನೆಯಲ್ಲಿ ಮಾತೇ ಇರಲಿಲ್ಲ ಮಗಾ. ಮಾತ್ರೆ ತಗೊಂಡ್ರಾ, ಊಟ ಆಯ್ತಾ, ಅಪಾಯಿಂಟ್‌ಮೆಂಟು ಎಷ್ಟು ಗಂಟೆಗೆ, ಅಷ್ಟೇ. ಮೊದಲು ನಾವು ಹೇಗೆ ಮಾತಾಡ್ತಿದ್ದೆವು ಅಂತ ಒಮ್ಮೆ ಕೇಳಬೇಕಿತ್ತು ನನಗೆ."

ವ್ಯಾಸರಾಜ ಮೇಜಿನ ಅಂಚನ್ನು ಹಿಡಿದುಕೊಂಡ. ಪೆಟ್ಟಿಗೆಯ ವಿಷಯ, ಉದುರಿದ ಪುಡಿಯ ವಿಷಯ ಹೇಳಿದ. ವಾಕ್ಯಗಳು ಒಂದೊಂದಾಗಿ ಬಂದವು, ಯಾರದೋ ವರದಿಯನ್ನು ಓದಿದಂತೆ.

ಪದ್ಮಜಾ ಕ್ಯಾಸೆಟ್ಟಿನ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು. "ಟೇಪು ಓಡುವಾಗ ನಿಮಗೆ ಕೇಳಿತಾ?"

ಅವನಿಗೆ ಕೇಳಿಸಿದ್ದು ಪೆಟ್ಟಿಗೆ ಸೋಸಿ ಕೊಟ್ಟ ನಾದವೊಂದೇ. ಆದರೆ ಆ ಮುಖವನ್ನು ನೋಡುತ್ತ, "ಕೇಳಿಸ್ತು," ಎಂದುಬಿಟ್ಟ. "ಈಗ ನೆನಪಾಗ್ತಿದೆ. ‘ಆಗಲಿ’ ಅಂದಿದ್ರಿ. ಸ್ಪಷ್ಟವಾಗಿತ್ತು."

"ಕನ್ನಡದಲ್ಲಿಯೇ?"

"ಹೌದು."

ಪದ್ಮಜಾ ಸೆರಗನ್ನು ಸರಿಮಾಡಿಕೊಂಡರು. "ಏನು ಹೇಳಿದೆ ಅಂತ ಮರೆತಿದ್ದೇನೆ. ತುಳುವಿನಲ್ಲಿ ಹೇಳಿದ್ದು ಮಾತ್ರ ಮರೆತಿಲ್ಲ. ಗಾಬರಿಯಾದರೆ ನನಗೆ ಬೇರೆ ಭಾಷೆ ಬಾಯಿಗೆ ಬರುವುದಿಲ್ಲ. ಅವರಿಗೆ ತುಳು ಒಂದಕ್ಷರ ಗೊತ್ತಿರಲಿಲ್ಲ, ನಮ್ಮ ಜಗಳ ಉಳಿದದ್ದೇ ಅದರಿಂದ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನು ಕ್ಷಮೆ ಕೇಳಬಹುದಿತ್ತು.

ಇಂಚರಾ ಕಾರಿನ ಕೀ ತೆಗೆದುಕೊಂಡು, ಅವನ ಮುಖ ನೋಡದೆ, ಮೊದಲು ಹೊರಗೆ ಹೋದಳು.

"ಕಾಫಿ ಮಾಡ್ತೀನಿ, ಪದ್ಮಜಾ. ಐದೇ ನಿಮಿಷ."

"ಬೇಡ. ಬ್ರಿಡ್ಜಿನಲ್ಲಿ ಟ್ರಾಫಿಕ್ ಶುರುವಾಗ್ತದೆ."

ಹಾಡುಗಳಿದ್ದ ಪೆನ್‌ಡ್ರೈವನ್ನು ಅವನು ಮುಂದೆ ಹಿಡಿದ. ಅವರು ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. ಬಗ್ಗಿ ನಿಧಾನವಾಗಿ ಚಪ್ಪಲಿ ಮೆಟ್ಟಿ, ಬಾಗಿಲು ತೆರೆದರು. ಫ್ರೀವೇಯ ಮೊರೆತ, ಪಕ್ಕದ ಮನೆಯ ನಾಯಿ, ಎಲೆ ಗುಡಿಸುವ ಯಂತ್ರ, ರಸ್ತೆಯಾಚೆ ಯಾರೋ ಯಾರನ್ನೋ ಕೂಗಿ ಕರೆಯುವ ದನಿ, ಎಲ್ಲವೂ ಒಮ್ಮೆಗೇ ಒಳನುಗ್ಗಿದವು. ಹೊಸ್ತಿಲಲ್ಲಿ ನಿಂತು ಪದ್ಮಜಾ ಏನೋ ಹೇಳಿದರು. ಆ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಏನೆಂದು ಕೇಳಲು ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಅವರು ಹೊರಗಿನಿಂದ ಬಾಗಿಲನ್ನು ಎಳೆದುಕೊಂಡರು. ಹೊರಗಿನ ಸದ್ದು ಬಾರದಿರಲೆಂದು ಅವನೇ ಅಂಟಿಸಿದ್ದ ಅಂಚಿನ ರಬ್ಬರು ಚೌಕಟ್ಟಿಗೆ ಮೆತ್ತಗೆ ಕೂತಿತು. ಒಳಗೆ ಏನೂ ಕೇಳಿಸುತ್ತಿರಲಿಲ್ಲ.