ಪೂಜೆಗೆ ಮೊದಲು ಪರೀಕ್ಷೆ

"ಮುಂದೆ ನೋಡ್ತಿರವ್ವ, ನಮ್ಮ ಸ್ವಂತ ಕಾರಲ್ಲೇ ನಿನ್ನ ಬೆಟ್ಟಕ್ಕೆ ಕರ್ಕೊಂಡ್ ಬತ್ತೀನಿ, ಕಾರಲ್ಲೇ ಮನೆಗೂ ಕರ್ಕೊಂಡೋಯ್ತೀನಿ."

ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕೂತಿದ್ದ ತಾಯಿ ಚಿಕ್ಕಮಾದಮ್ಮನಿಗೆ ನಾಗೇಂದ್ರ ಹೀಗೆ ಮಾತು ಕೊಟ್ಟಾಗ ಅವನಿನ್ನೂ ಹುಡುಗ. ಈಗ ಅವನಿಗೇ ನಾಲ್ಕು ವರ್ಷದ ಮಗಳಿದ್ದಾಳೆ. ಕಡಕೊಳದ ಕಾರ್ಖಾನೆಯಲ್ಲಿ ಕೆಲಸ. ಒಂದು ಶುಕ್ರವಾರ ಬೆಳಿಗ್ಗೆ ಲಷ್ಕರ್ ಮೊಹಲ್ಲಾದ ಅವರ ಬಾಡಿಗೆ ಮನೆ ಮುಂದೆ ಬಿಳಿ ಕಾರೊಂದು ಬಂದು ನಿಂತಿತು. ಹಳೆಯದೇ, ಆದರೆ ಫಳಫಳ ಹೊಳೆಯುತ್ತಿತ್ತು.

"ಬೇರೆಯವರು ಹೇಳಿದ್ರಲ್ಲಿ ಅರ್ಧ ರೇಟು ಕಣೇ!" ಎಂದು ನಾಗೇಂದ್ರ ಹೆಂಡತಿ ನಯನಾಗೆ ಹೇಳಿದ.

ಎದುರು ಮನೆಯ ತೇಜಸ್ವಿನಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ನಾಗೇಂದ್ರನಿಗೂ ಅವಳೇ ಕಲಿಸಿದ್ದು. ಕಾರಿನ ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡಳು.

"ಏನಣ್ಣಾ ಇಷ್ಟೊಂದು ಸೆಂಟು? ಮದುವೆ ಗಂಡಿಗೂ ಇಷ್ಟು ಹೊಡೆಯಲ್ಲ."

"ನಿನಗೆ ಹೊಟ್ಟೆಕಿಚ್ಚು ಬುಡು."

ಅವಳು ನಗಲಿಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ತೋರಿಸಿದಳು. ಅದರ ತುದಿಯಲ್ಲಿ ಒಣಗಿದ ಕೆಸರಿತ್ತು. ಸೀಟಿನ ಕೆಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು.

"ಇದು ನೀರಲ್ಲಿ ಮುಳುಗಿದ್ದ ಗಾಡಿ ಅನ್ಸುತ್ತೆ. ವಾಸನೆ ಗೊತ್ತಾಗ್ಬಾರ್ದು ಅಂತ ಸೆಂಟು. ಇದರ ಬ್ರೇಕು, ವೈರು ಯಾವುದನ್ನೂ ನಂಬೋಕಾಗಲ್ಲ. ಮೊದಲು ಮೆಕ್ಯಾನಿಕ್ ಹತ್ರ ಎತ್ತಿಸಿ, ಅಡಿಯಿಂದ ನೋಡಿಸಿ. ಆರ್‌ಸಿ, ಇನ್ಶೂರೆನ್ಸು ನಿಮ್ಮ ಹೆಸರಿಗೆ ಆಯ್ತಾ?"

"ಬ್ರೋಕರ್ ಮಹೇಂದ್ರ ಎಲ್ಲಾ ಮಾಡಿಸ್ಕೊಡ್ತಾನೆ. ಮೊದಲು ಬೆಟ್ಟದಲ್ಲಿ ಪೂಜೆ ಮುಗಿಸ್ಕೊಳಿ ಅಂದ."

ಚಿಕ್ಕಮಾದಮ್ಮನೂ ಮಗನ ಪರವೇ. "ಪೂಜೆ ಆಗೋ ಮುಂಚೆ ಗಾಡಿಗೆ ಸ್ಪ್ಯಾನರ್ ತಗುಲಿಸ್ಬಾರ್ದು ಕಣವ್ವ, ಅಪಶಕುನ. ಮೊದ್ಲು ತಾಯಿ ಮುಂದೆ ನಿಲ್ಸಾನ."

"ಹತ್ತೋದು ಹೆಂಗೋ ಹತ್ತುತ್ತೆ, ಅಜ್ಜಿ. ಇಳಿಯೋದೇ ಭಯ. ಮಗೂನಾದ್ರೂ ಮನೇಲಿ ಬಿಡಿ."

"ಮಗು ಬಿಟ್ಟು ಎಂಥ ಪೂಜೆ?" ಎಂದಳು ನಯನಾ.

ಯಾರೂ ಮಾತು ಕೇಳದಿದ್ದಾಗ ತೇಜಸ್ವಿನಿ ತಾನೇ ಮುಂದಿನ ಸೀಟಿನಲ್ಲಿ ಕೂತಳು. ನಾಗೇಂದ್ರ ಸ್ಟೀರಿಂಗ್ ಹಿಡಿದ.

ಪೂಜೆ ಚೆನ್ನಾಗಿಯೇ ಆಯಿತು. ಕಾಯಿ ಒಡೆದರು. ನಾಲ್ಕು ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದವು. ಚಿಕ್ಕಮಾದಮ್ಮ ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಇಳಿಜಾರಿನ ಎರಡನೆಯ ತಿರುವಿನಲ್ಲಿ ನಾಗೇಂದ್ರ ಬ್ರೇಕ್ ತುಳಿದ. ಪೆಡಲು ಬೆಣ್ಣೆಯಂತೆ ಮೆತ್ತಗೆ ಒಳಗೆ ಹೋಯಿತು. ಇನ್ನೊಮ್ಮೆ ತುಳಿದ. ಅದು ನೆಲ ಮುಟ್ಟಿತು.

"ಬ್ರೇಕ್ ಹಿಡೀತಿಲ್ಲ," ಎಂದ, ತಾಯಿಗೆ ಕೇಳಿಸಬಾರದೆಂದು ಮೆಲ್ಲಗೆ.

ಬಲಕ್ಕೆ ಕಮರಿ. ಎದುರಿಗೆ ಜನ ತುಂಬಿದ ಟೆಂಪೋ.

"ಗೇರ್ ಇಳ್ಸಿ! ಸೆಕೆಂಡು! ನ್ಯೂಟ್ರಲ್ ಮಾಡ್ಬೇಡಿ!" ತೇಜಸ್ವಿನಿ ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯತೊಡಗಿದಳು. "ಎಡಕ್ಕೆ, ಮಣ್ಣಿನ ದಿಣ್ಣೆಗೆ ಉಜ್ಜಿ!"

"ಏನಾಯ್ತೋ ಮಗಾ?" ಹಿಂದಿನಿಂದ ಚಿಕ್ಕಮಾದಮ್ಮ ಕೂಗಿದರು. ಟೆಂಪೋ ಪಕ್ಕದಲ್ಲೇ ಹಾರ್ನ್ ಬಾರಿಸುತ್ತಾ ದಾಟಿಹೋಯಿತು. ಕಾರು ದಿಣ್ಣೆಗೆ ಕರಕರ ಉಜ್ಜಿ, ಕುಲುಕಿ, ನಿಂತಿತು.

ಮಗುವಿನ ತುಟಿ ಒಡೆದು ರಕ್ತ ಬರುತ್ತಿತ್ತು. ಅದು ಅಳಲಿಲ್ಲ, ಕಣ್ಣರಳಿಸಿ ನೋಡುತ್ತಲೇ ಇತ್ತು. "ಅಳೇ ಕಂದಾ, ಅಳೇ..." ಎಂದು ನಯನಾ ಬೇಡಿಕೊಂಡಳು. ಕಡೆಗೆ ಮಗು ಕಿರುಚಿ ಅತ್ತಿತು. ಆಮೇಲಷ್ಟೇ ಎಲ್ಲರಿಗೂ ಉಸಿರು ಬಂತು.

ಕಾರನ್ನು ಎಳೆದುಕೊಂಡು ಹೋಗಲು ಬಂದ ಮೆಕ್ಯಾನಿಕ್ ಅಡಿಗೆ ಬಗ್ಗಿ ನೋಡಿದ. ಬ್ರೇಕ್ ಪೈಪು ತುಕ್ಕು ಹಿಡಿದು ಒಡೆದಿತ್ತು. ಮಹೇಂದ್ರನ ಫೋನು ಸ್ವಿಚ್ಡ್ ಆಫ್. ಆರ್‌ಸಿಯಲ್ಲಿ ಯಾರದೋ ಹೆಸರು. ಇನ್ಶೂರೆನ್ಸು ಎಂದೋ ಮುಗಿದಿತ್ತು.

"ಆ ಟೆಂಪೋಗೆ ಗುದ್ದಿದ್ರೆ?" ಎಂದ ನಾಗೇಂದ್ರ, ತಿರುವಿನ ಕಡೆ ನೋಡುತ್ತಾ.

"ಅಷ್ಟೂ ಜನರ ಆಸ್ಪತ್ರೆ ಖರ್ಚು, ಕೇಸು, ಎಲ್ಲಾ ನಿಮ್ಮ ತಲೆಗೇ ಬರ್ತಿತ್ತು. ಅದೂ ನಾವು ಉಳಿದಿದ್ರೆ," ಎಂದಳು ತೇಜಸ್ವಿನಿ.

ಚಿಕ್ಕಮಾದಮ್ಮ ಮೊಮ್ಮಗಳ ಬಾಯಿಯನ್ನು ಸೆರಗಿನಿಂದ ಒರೆಸಿದರು. "ಇನ್ಮೇಲೆ ಯಾವ ಗಾಡಿ ತಂದ್ರೂ ಮೊದ್ಲು ಸ್ಪ್ಯಾನರ್ ಕಣ್ಲಾ. ಆಮೇಲೆ ನಿಂಬೆಹಣ್ಣು. ತಾಯಿ ಏನೂ ಮುನಿಸ್ಕೊಳಲ್ಲ."

ದುಡಿದು ದಣಿದ ತಂದೆ ತಾಯಂದಿರೇ, ಅಗ್ಗದ ಕಾರು ಕಂಡಾಗ ನಮಗೂ ಕಣ್ಣು ಮುಚ್ಚಿಕೊಳ್ಳುವ ಆಸೆಯಾಗುತ್ತದೆ. ಹಳೆಯ ಕಾರು ಕೊಳ್ಳುವುದು ತಪ್ಪಲ್ಲ. ಆದರೆ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆಂದು ಒಮ್ಮೆ ನೆನೆಯಿರಿ. ಮಾರುವವನ ಮೆಕ್ಯಾನಿಕ್ ಬೇಡ, ನಿಮಗೆ ಗೊತ್ತಿರುವವನಿಗೆ ತೋರಿಸಿ. ಆರ್‌ಸಿಯಲ್ಲಿ ಯಾರ ಹೆಸರಿದೆ, ಗಾಡಿಯ ಮೇಲೆ ಸಾಲ ಇದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ಹಣ ಕೊಡುವ ಮೊದಲೇ ನೋಡಿ. "ನಾಳೆ ಬಂದ್ರೆ ಇರಲ್ಲ" ಎಂದು ಅವಸರ ಮಾಡಿದರೆ, ಹೋಗಲಿ ಬಿಡಿ. ಕಾರು ಇನ್ನೊಂದು ಸಿಗುತ್ತದೆ.

ಅಂದು ಚಿಕ್ಕಮಾದಮ್ಮ ಬೆಟ್ಟದಿಂದ ಸಿಟಿ ಬಸ್ಸಿನಲ್ಲಿ ಮನೆಗೆ ಬಂದರು. ಮಗ ಕೊಟ್ಟಿದ್ದ ಮಾತು ಅರ್ಧಕ್ಕೇ ನಿಂತಿತು.