ಫೋನಿನೊಳಗೆ ಉಳಿದುಹೋದ ಅಳತೆಗಳು

ಒಂದು ತಿಂಗಳು ಮುಚ್ಚಿದ್ದ ನಮ್ಮ ಬೀದಿಯ ಚಪ್ಪಲಿ ಅಂಗಡಿ ಮತ್ತೆ ಬಾಗಿಲು ತೆರೆಯಿತು. ಅದರ ಯಜಮಾನರನ್ನು ನಾವೆಲ್ಲ ಅಳತೆ ಮೇಷ್ಟ್ರು ಅನ್ನುತ್ತಿದ್ದೆವು. ಒಂದು ಕಾಲು ಗಿಡ್ಡವಿದ್ದವರಿಗೆ, ಬೆರಳು ಸೊಟ್ಟಗಿದ್ದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಹುಣ್ಣಾದವರಿಗೆ ಒಪ್ಪುವ ಬೂಟು ಮಾಡಿಕೊಡುತ್ತಿದ್ದರು. ಕಾಗದದ ಮೇಲೆ ಪಾದದ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಅಳತೆ ಬರೆದು, ಫೋನಿನಲ್ಲಿ ಫೋಟೊ ತೆಗೆದುಕೊಂಡು ಕಾಗದ ಎಸೆಯುತ್ತಿದ್ದರು. "ಕಾಗದವಾದರೆ ಇಲಿ ತಿನ್ನುತ್ತೆ" ಅನ್ನುತ್ತಿದ್ದರು.

ಮೇಷ್ಟ್ರು ಎದೆನೋವು ಬಂದು ಹಠಾತ್ತನೆ ತೀರಿಕೊಂಡರು. ಫೋನು ಉಳಿಯಿತು. ಅದನ್ನು ತೆರೆಯುವ ಅಂಕಿ ಅವರ ಜೊತೆಗೇ ಹೋಯಿತು.

ಅಂಗಡಿಯನ್ನು ಮತ್ತೆ ತೆರೆದವಳು ಅವರ ಜೊತೆಯಲ್ಲೇ ಹೊಲಿಯುತ್ತಿದ್ದ ಹೆಂಡತಿ. ಆ ದಿನ ಮೊದಲು ಬಂದವಳು ಬಸ್ ಕಂಡಕ್ಟರ್. ದಿನವಿಡೀ ನಿಂತೇ ಇರುವ ಕೆಲಸ. ಎಡಗಾಲು ಗಿಡ್ಡ. ಬೂಟಿನ ಅಟ್ಟೆ ಬಿರಿದಿತ್ತು.

"ಪಾದ ಎದುರಿಗೇ ಇದೆಯಲ್ಲ ಅತ್ತಿಗೆ, ಮತ್ತೆ ಅಳೆದರಾಯ್ತು" ಅಂದ ಮೇಷ್ಟ್ರ ತಮ್ಮ.

"ಅಳೆಯೋದು ಯಾರಿಗಾದರೂ ಬರುತ್ತಪ್ಪ" ಅಂದಳು ಮೇಷ್ಟ್ರ ಹೆಂಡತಿ. " ಹಿಮ್ಮಡಿ ಎಷ್ಟು ಎತ್ತರಿಸಬೇಕು, ಯಾವ ಕಡೆ ಓರೆ ಕೊಡಬೇಕು ಅನ್ನೋದನ್ನ ನಿಮ್ಮಣ್ಣ ಏಳು ಸಲ ಬಿಚ್ಚಿ ಹೊಲಿದು ಕಂಡುಕೊಂಡಿದ್ದು. ಇಂಥ ಅರವತ್ತು ಜನರ ಅಳತೆ ಈ ಫೋನಿನೊಳಗಿದೆ. ಸಿಗದಿದ್ದರೆ ಅಂಗಡಿ ಮುಚ್ಚಬೇಕು ಅಷ್ಟೆ."

"ಅಣ್ಣನಿಗೆ ಅಳತೆ ಬಿಟ್ಟರೆ ಬೇರೆ ಪ್ರಪಂಚ ಎಲ್ಲಿತ್ತು? ನಿಮ್ಮ ಪಾದದ ಅಳತೇನೇ ಒತ್ತಿ ನೋಡಿ."

ಒತ್ತಿದರು. ತಪ್ಪು. ಅವನ ಪಾದದ್ದು ಒತ್ತಿದರು. ಅದೂ ತಪ್ಪು. ಮೇಷ್ಟ್ರದ್ದೇ ಒತ್ತಿದರು. ಫೋನು ಮುನಿಸಿಕೊಂಡು ಒಂದು ಗಂಟೆ ಮಾತು ಬಿಟ್ಟಿತು.

"ಸಾಕು ಬಿಡಿ, ಸಿಮ್ ವಾಪಸ್ ಕೊಟ್ಟು ಬರ್ತೀನಿ. ಹೋದವರ ನಂಬರಿಗೆ ರೀಚಾರ್ಜ್ ಯಾಕೆ?" ಅಂದ ತಮ್ಮ.

"ಅಯ್ಯೋ, ಆ ಕೆಲಸ ಮಾತ್ರ ಮಾಡಬೇಡಪ್ಪ!"

ಬಾಗಿಲಲ್ಲಿ ಲೈಬ್ರರಿ ಅಕ್ಕ ನಿಂತಿದ್ದಳು. ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಅರ್ಜಿ ತುಂಬಲು ಬಾರದವರಿಗೆಲ್ಲ ಅವಳೇ ಆಸರೆ.

"ಎಷ್ಟೋ ಖಾತೆಗಳ ಸಂದೇಶ ಆ ನಂಬರಿಗೇ ಬರುತ್ತೆ. ಈಗಲೇ ನಿಲ್ಲಿಸಿದರೆ ನಾಳೆ ಅದೇ ನಂಬರು ಇನ್ಯಾರದೋ ಕೈ ಸೇರುತ್ತೆ. ಖಾತೆಗಳ ಕೆಲಸ ಮುಗಿಸಿ ಆಮೇಲೆ ನಿಲ್ಲಿಸು. ಅಂಕಿ ಊಹಿಸೋದೂ ಬೇಡ. ಪದೇ ಪದೇ ತಪ್ಪಿದರೆ ಕೆಲವು ಫೋನು ಒಳಗಿದ್ದದ್ದನ್ನೆಲ್ಲ ಅಳಿಸಿಬಿಡುತ್ತವೆ."

"ಹಾಗಾದರೆ ದಾರೀನೇ ಇಲ್ವಾ ಅಕ್ಕ?" ಮೇಷ್ಟ್ರ ಹೆಂಡತಿ ಕೇಳಿದಳು.

"ಇದೆ. ಫೋಟೊಗಳ ಪ್ರತಿ ಮೇಷ್ಟ್ರ ಇಮೇಲ್ ಖಾತೆಗೂ ಹೋಗೋ ಹಾಗೆ ನಾನೇ ಮಾಡಿಕೊಟ್ಟಿದ್ದೆ. ಮರಣ ಪ್ರಮಾಣಪತ್ರ, ನೀವು ಹೆಂಡತಿ ಅನ್ನೋ ದಾಖಲೆ, ನಿಮ್ಮ ಗುರುತಿನ ಚೀಟಿ ಇಟ್ಟು ಆ ಕಂಪನಿಗೆ ಅರ್ಜಿ ಹಾಕೋಣ. ಪಾಸ್‌ವರ್ಡ್ ಕೊಡಲ್ಲ. ಫೋಟೊ ಕೊಟ್ಟರೂ ಕೊಡಬಹುದು, ಆಗಲ್ಲ ಅಂದರೂ ಅನ್ನಬಹುದು. ಅವರು ಬದುಕಿದ್ದಾಗಲೇ ಖಾತೆಯಲ್ಲಿ ನಿಮ್ಮ ಹೆಸರು ಸೇರಿಸಿದ್ದರೆ ಈ ಪಾಡು ಇರುತ್ತಿರಲಿಲ್ಲ."

"ಬದುಕಿರೋವಾಗಲೇ ಸತ್ತ ಮೇಲಿನ ಮಾತಾ? ಬಿಡ್ತು ಅನ್ನಿ!" ಅಂದ ತಮ್ಮ.

"ಅಂದೆ ಕಣಪ್ಪ. ಈಗ ಆ ದಾಖಲೆ ಹುಡುಕು, ಏಳು."

ಅರ್ಜಿ ಹೋಯಿತು. ಮೇಷ್ಟ್ರ ಹೆಂಡತಿ ಕಂಡಕ್ಟರ್ ಬೂಟಿನ ಬಿರಿದ ಅಟ್ಟೆಗೆ ರಬ್ಬರ್ ತುಂಡು ಅಂಟಿಸಿಕೊಟ್ಟು, "ಬೇರೆ ಕಡೆ ಮಾಡಿಸಿಕೊಳ್ಳಮ್ಮ, ನಿನಗೆ ಸೊಂಟ ನೋವು" ಅಂದಳು.

"ನನ್ನನ್ನ ಮೇಷ್ಟ್ರು ಏಳು ಸಲ ತಾಳಿಕೊಂಡರು ಅಕ್ಕ. ನಾನು ನಾಲ್ಕು ದಿನ ಕಾಯಲಾರೆನಾ?" ಅಂದಳು ಕಂಡಕ್ಟರ್.

ನಾಲ್ಕು ದಿನವಲ್ಲ, ಮೂರು ತಿಂಗಳು ಹಿಡಿಯಿತು. ನಡುವೆ ಎರಡು ಸಲ ದಾಖಲೆ ಸಾಲದೆಂದು ಉತ್ತರ ಬಂತು. ಲೈಬ್ರರಿ ಅಕ್ಕ ಬೇಸರಿಸದೆ ಮತ್ತೆ ಕಳಿಸಿದಳು. ಕೊನೆಗೆ ಫೋಟೊಗಳು ಸಿಕ್ಕವು. ಕಂಡಕ್ಟರ್ ಪಾದದ ಪಕ್ಕದಲ್ಲಿ ಮೇಷ್ಟ್ರ ಕೈಬರಹ ಹೀಗಿತ್ತು: "ಹಿಮ್ಮಡಿ ಎರಡು ಬೆರಳು ಎತ್ತರ, ಹೊರಗಡೆಗೆ ಓರೆ. ಸಂಜೆ ಹೊತ್ತಿಗೆ ಪಾದ ಊದುತ್ತದೆ, ಪಾಪ, ಹೇಳಿಕೊಳ್ಳುವುದಿಲ್ಲ. ಕೇಳದೆ ಸ್ವಲ್ಪ ಜಾಗ ಬಿಡಬೇಕು."

ಮೇಷ್ಟ್ರ ಹೆಂಡತಿ ಅದನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, ಆ ಜಾಗ ಬಿಟ್ಟೇ ಹೊಲಿದಳು. ಕಂಡಕ್ಟರ್ ಹೊಸ ಬೂಟು ಹಾಕಿ ಅಂಗಡಿಯ ಉದ್ದಕ್ಕೂ ನಡೆದು, ಆ ಬರಹ ಓದಿ, "ನಾನು ಹೇಳಿರಲೇ ಇಲ್ಲವಲ್ಲ ಅಕ್ಕ, ಅವರಿಗೆ ಹೇಗೆ ಗೊತ್ತಾಯ್ತು?" ಅಂದಳು. ಅಂದಿನಿಂದ ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಮೇಷ್ಟ್ರ ತಮ್ಮ ಮೆಲ್ಲಗೆ ತನ್ನ ಫೋನು ಮುಂದೆ ಹಿಡಿದ. "ಅಕ್ಕ, ನನ್ನದರಲ್ಲೂ ಅತ್ತಿಗೆ ಹೆಸರು ಸೇರಿಸಿಕೊಡಿ."

"ನಿನ್ನದರಲ್ಲಿ ಇರೋದು ಬರೀ ಶುಭೋದಯದ ಹೂವು ತಾನೆ?"

"ಅಣ್ಣ ನಗೋ ವಿಡಿಯೊನೂ ಒಂದಿದೆ ಅಕ್ಕ."

ಲೈಬ್ರರಿ ಅಕ್ಕ ಅವನ ಫೋನು ತೆಗೆದುಕೊಂಡು ಹೆಸರು ಸೇರಿಸಿಕೊಟ್ಟಳು.

ಓದುವವರೇ, ನಿಮ್ಮ ಫೋನಿನಲ್ಲೂ ನಾಳೆ ಯಾರಿಗೋ ಬೇಕಾಗುವುದು ಏನೋ ಇದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನಂಬಿಕಸ್ಥರೊಬ್ಬರ ಹೆಸರು ಸೇರಿಸಿ. ಯಾವ ಯಾವ ಖಾತೆ ಇದೆ, ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂದು ಬರೆದು, ಆ ಬರಹ ಎಲ್ಲಿದೆಯೆಂದು ಅವರಿಗೊಬ್ಬರಿಗೆ ತಿಳಿಸಿ. ಮಾಡಲು ಬಾರದಿದ್ದರೆ ತಿಳಿದವರನ್ನು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಸ್ವಲ್ಪ ಹೊತ್ತಿನ ಕೆಲಸ, ಇವತ್ತೇ ಮಾಡಿ. ನಿಮ್ಮನ್ನು ಕಳೆದುಕೊಂಡವರು ಅಳುತ್ತ ಅರ್ಜಿ ತುಂಬುವಂತಾಗದಿರಲಿ.