ನಾಲ್ಕು ಬೆರಳಿನ ಅಗಲ

"ಇನ್ನೊಂದ್ಸಲ ಒತ್ರೋ!" ಎಂದು ಮಗಳ ಸೋದರಮಾವ ಕೂಗಿದ. ನಾಲ್ವರು ಸೇರಿ ಒತ್ತಿದರು. ಮುಚ್ಚಳ ಕೂರಲಿಲ್ಲ. ಮುಚ್ಚಳದ ಮಾತು ಹಾಗಿರಲಿ, ಮೇಸ್ತ್ರಿಯ ಭುಜಗಳೇ ಪೆಟ್ಟಿಗೆಯೊಳಗೆ ಇಳಿದಿರಲಿಲ್ಲ.

"ಮೆತ್ತಗೆ ಕಣ್ರೋ, ಅವರಿಗೆ ನೋವಾಗತ್ತೆ," ಎಂದಳು ಹೆಂಡತಿ. ಆ ಮಾತು ಯಾರಿಗೂ ವಿಚಿತ್ರವೆನಿಸಲಿಲ್ಲ.

ಸತ್ತವನು ಬಡಗಿ. ಎರಡು ಸಲ ಅಳೆಯದೆ ಒಂದು ಮೊಳೆಯನ್ನೂ ಹೊಡೆಯದ ಅವನಿಗೆ ಅಳತೆ ಮೇಸ್ತ್ರಿ ಎಂದೇ ಹೆಸರು. ಬೀದಿಯ ಬಾಗಿಲುಗಳು, ಮಂಚಗಳು, ಕ್ರೈಸ್ತ ದೇವಾಲಯದ ಬೆಂಚುಗಳು ಎಲ್ಲ ಅವನ ಕೈಯವು. ಒಂದೂ ಕೂದಲೆಳೆಯಷ್ಟು ಆಚೀಚೆ ಆದದ್ದಿಲ್ಲ. ಆಗಿದ್ದು ಇದೊಂದೇ, ತನಗೆಂದು ತಾನೇ ಮಾಡಿಟ್ಟುಕೊಂಡ ಶವಪೆಟ್ಟಿಗೆ.

"ಭಾವ ಮೊದಲನೇ ಸಲ ಅಳತೆ ತಪ್ಪಿದಾರೆ," ಎಂದ ಸೋದರಮಾವ ಬೆವರೊರೆಸುತ್ತ. "ಅದೂ ಗಿರಾಕಿ ಎದ್ದು ಬಂದು ದೂರು ಹೇಳಲ್ಲ ಅನ್ನೋ ಧೈರ್ಯದ ಮೇಲೆ!"

"ಅಳತೆ ಸರಿಯಾಗೇ ಇತ್ತು. ಅವರೇ ದಪ್ಪ ಆದ್ರು," ಎಂದಳು ಹೆಂಡತಿ ಗಂಡನನ್ನು ಬಿಟ್ಟುಕೊಡದೆ.

* * *

ಹದಿನಾಲ್ಕು ವರ್ಷದ ಹಿಂದೆ ಡಾಕ್ಟರು, "ಮೂರು ತಿಂಗಳು," ಎಂದಿದ್ದರು. ಆಗ ಮೇಸ್ತ್ರಿ ಒಣಗಿದ ತೆಳು ರಿಪೀಸು ಮರದ ಪಟ್ಟಿಯಂತಿದ್ದ. ಮನೆಗೆ ಬಂದವನು ತನ್ನ ಬಡಗಿ ಅಂಗಡಿಯ ನೆಲದ ಮೇಲೆ ಅಂಗಾತ ಮಲಗಿ, ಹೆಂಡತಿಯ ಕೈಗೆ ಟೇಪು ಕೊಟ್ಟು, "ಹಿಡಿ, ಅಳಬೇಡ, ಟೇಪು ಅಲ್ಲಾಡತ್ತೆ," ಎಂದ. ಎರಡು ದಿನಕ್ಕೆ ಪೆಟ್ಟಿಗೆ ಮುಗಿಯಿತು. "ನಾನು ರೆಡಿ ಕರ್ತನೇ, ನಿನ್ನಿಷ್ಟ," ಎಂದು ಮೇಲೆ ನೋಡಿ ಹೇಳಿದ.

ಮೂರು ತಿಂಗಳಾಯಿತು, ನಾಲ್ಕಾಯಿತು. ಐದನೆಯ ತಿಂಗಳಲ್ಲಿ ಎರಡನೇ ಸಲ ಬಡಿಸು ಎಂದ. ವರ್ಷ ತುಂಬುವಷ್ಟರಲ್ಲಿ ಅಂಗಿಯ ಗುಂಡಿಗಳು ಹಾರತೊಡಗಿದವು. ಮನೆಯ ಮೂಲೆ ಸೇರಿದ ಪೆಟ್ಟಿಗೆಯಲ್ಲಿ ಕಂಬಳಿಗಳು ತುಂಬಿಕೊಂಡವು. ಮೂರು ತಿಂಗಳು ಎಂದಿದ್ದ ಡಾಕ್ಟರಿಗೂ ಮುಂದೆ ಅವನೇ ಪೆಟ್ಟಿಗೆ ಮಾಡಿಕೊಟ್ಟ.

* * *

"ಪೇಟೆ ಅಂಗಡಿಯಿಂದ ರೆಡಿಮೇಡ್ ಪೆಟ್ಟಿಗೆ ತರಿಸೋಣ ಅಕ್ಕಾ. ಫೋನ್ ಮಾಡಿದ್ರೆ ಒಂದು ಗಂಟೇಲಿ ಬರತ್ತೆ," ಎಂದ ಸೋದರಮಾವ. ಆಗಲೇ ಹನ್ನೆರಡಾಗಿತ್ತು. ಮೂರಕ್ಕೆ ದೇವಾಲಯದಲ್ಲಿ ಆರಾಧನೆ.

"ಬೇಡ. ಅವರು ಇದರಲ್ಲೇ ಹೋಗ್ಬೇಕು." ಹೆಂಡತಿ ಬಾಗಿಲಿನ ಕಡೆ ತಿರುಗಿದಳು. "ನೀನು ಅಗಲ ಮಾಡ್ಕೊಡು."

ಬಾಗಿಲಲ್ಲಿ ನಿಂತಿದ್ದವಳು ಮಗಳು. ಅಪ್ಪನ ಪಕ್ಕದಲ್ಲೇ ಉಳಿ ಹಿಡಿದು ಬೆಳೆದವಳು. ಆರು ವರ್ಷದ ಹಿಂದೆ ಗರಗಸದ ಯಂತ್ರ ಎಡಗೈಯ ಎರಡು ಬೆರಳು ತಿಂದ ಮೇಲೆ ಮರವನ್ನೂ ಮುಟ್ಟಿರಲಿಲ್ಲ, ದೇವಾಲಯದ ಮೆಟ್ಟಿಲನ್ನೂ ಹತ್ತಿರಲಿಲ್ಲ. ಬೆಳಿಗ್ಗೆಯೇ ತಾಯಿಗೆ ಹೇಳಿಬಿಟ್ಟಿದ್ದಳು: "ಗೇಟಿನವರೆಗೆ ಬರ್ತೀನಿ. ಒಳಗೆ ಮಾತ್ರ ಕರೀಬೇಡ."

"ಈ ಕೈ ನೋಡಮ್ಮ."

"ಎಂಟು ಬೆರಳಿವೆ. ಸಾಲ್ದಾ?"

ಅಷ್ಟರಲ್ಲಿ ಅಡಿಗೆಮನೆಯ ಕಡೆಯಿಂದ ಗಂಟಲು ಕೆರೆದ ಸದ್ದು. "ಕ್ಹುಂ! ಸ್ತೋತ್ರ ಕರ್ತನೇ! ನನ್ನ ಕೆಲಸ ನಾನು ಮಾಡ್ತೀನಿ, ನಿನ್ನ ಕೆಲಸ ನೀನು ಮಾಡು. ಯಾರೋ ಅಲ್ಲಿ, ಉಳಿ ಎಲ್ಲಿಟ್ಟೆ?"

ಥೇಟ್ ಮೇಸ್ತ್ರಿಯ ದನಿ! ಪಕ್ಕದ ಮನೆಯಾಕೆ ಕೈಲಿದ್ದ ಚೆಂಬು ಬೀಳಿಸಿದಳು. ಹೆಂಡತಿ ಸರಕ್ಕನೆ ಹೆಣದ ಮುಖ ನೋಡಿದಳು. ಯಾವಾಗಲೋ ಅತ್ತ ಸರಿದಿದ್ದ ಸೋದರಮಾವ ಹೊರಗಿಣುಕಿದ. "ನಾನೇ. ಕ್ಷಮಿಸಿ. ಭಾವನ ದನಿ ಮೂವತ್ತು ವರ್ಷ ಪ್ರಾಕ್ಟೀಸು ಮಾಡಿದೀನಿ, ಇವತ್ತು ಬಿಟ್ರೆ ಇನ್ಯಾವತ್ತು?"

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಬೇಡವೆಂದು ಹೇಳುವುದಕ್ಕಾದರೂ ಒಮ್ಮೆ ಕೆಲಸ ನೋಡಬೇಕಲ್ಲ ಎಂದು ಮುಚ್ಚಳ ಎತ್ತಿದಳು. ಒಳಬದಿಯಲ್ಲಿ ಉಳಿಯ ತುದಿಯಿಂದ ಕೆತ್ತಿದ ಅಕ್ಷರಗಳು, ಬದುಕಿದ ವರ್ಷಕ್ಕೊಂದು ಸಾಲು.

ಒಂದು ವರ್ಷ ಆಯ್ತು. ಸ್ತೋತ್ರ.

ಅಂಗಡಿ ಸುಟ್ಟುಹೋಯ್ತು. ಕೈ ಇದೆ. ಸ್ತೋತ್ರ.

ಕಣ್ಣಿಗೆ ಪೊರೆ ಬಂತು. ತೆಗೆಸಿದೆ. ಸ್ತೋತ್ರ.

ಎಂಟನೆಯ ಸಾಲು ಉಳಿದವಕ್ಕಿಂತ ಆಳವಾಗಿತ್ತು. ಮಗಳ ಬೆರಳು. ಇವತ್ತು ಸ್ತೋತ್ರ ಬಾಯಿಗೆ ಬರ್ತಿಲ್ಲ. ನಾಳೆ ಬಂದು ನೋಡ್ತೀನಿ.

* * *

ಆ ವಾರ ಅಂಗಡಿಯಲ್ಲಿ ಕೂಗಾಟ ಕೇಳಿ ಪಕ್ಕದವರು ಕಳ್ಳ ಬಂದನೆಂದು ದೊಣ್ಣೆ ಹಿಡಿದು ನುಗ್ಗಿದ್ದರು. ಒಳಗೆ ಮೇಸ್ತ್ರಿ ಒಬ್ಬನೇ, ಮಾಡಿನ ಕಡೆ ಮುಷ್ಟಿ ಎತ್ತಿ ನಿಂತಿದ್ದ. "ನನ್ನವು ಇರ್ಲಿಲ್ವಾ? ಹತ್ತೂ ಹಳೇವು! ಅವಳವೇ ಬೇಕಿತ್ತಾ ನಿಂಗೆ?"

ಆಸ್ಪತ್ರೆಯ ಮಂಚದ ಮೇಲೆ ಮಗಳು ಗೋಡೆ ನೋಡುತ್ತ, "ಇನ್ಮೇಲೆ ನಾನು ಪ್ರಾರ್ಥನೆ ಮಾಡಲ್ಲ ಅಪ್ಪ," ಎಂದಾಗ ಅವನು ಬೈಯಲಿಲ್ಲ.

"ಜಗಳ ಆಡು ಮಗಳೇ. ನಾನೂ ಆಡ್ತಿದೀನಿ. ಮಾತು ಮಾತ್ರ ಬಿಡಬೇಡ."

ಅವಳು ಬಿಟ್ಟಳು. ಅವನು ಮರುದಿನ ಜಗಳ ಆಡಲು ದೇವಾಲಯಕ್ಕೆ ಹೋದ. ಅದರ ಮರುದಿನವೂ.

* * *

"ಎಷ್ಟು ಹೊತ್ತಿದೆ?" ಎಂದಳು ಮಗಳು.

"ಇನ್ನು ಎರಡೂಮುಕ್ಕಾಲು ಗಂಟೆ ಇದೆ!"

"ನಾಲ್ಕು ಬೆರಳು ಅಗಲ ಮಾಡಿದ್ರೆ ಸಾಕು. ಒಂದು ಪಕ್ಕ ಬಿಚ್ಚಿ, ತಳಕ್ಕೊಂದು ಪಟ್ಟಿ, ತಲೆಗೆ, ಕಾಲಿಗೆ, ಮುಚ್ಚಳದ ಅಂಚಿಗೊಂದು. ಬನ್ನಿ, ನಿಂತ್ಕೊಂಡು ನೋಡ್ಬೇಡಿ!" ಎಂದು ಮೋಟು ಪೆನ್ಸಿಲಿಂದ ಗೆರೆ ಎಳೆದು ಅದನ್ನು ಕಿವಿಗೆ ಸಿಕ್ಕಿಸಿದಳು.

ಸಾವಿನ ಮನೆ ಮದುವೆ ಮನೆಯಾಯಿತು. ಒಬ್ಬ ಹಲಗೆ ತಂದ, ಒಬ್ಬ ಮೊಳೆ ಕಿತ್ತ, ಪಕ್ಕದ ಮನೆಯಾಕೆ ಕಿತ್ತ ಮೊಳೆಗಳ ಡೊಂಕು ತಿದ್ದಿದಳು. ಬೈಬಲ್ ವಾಕ್ಯ ಓದಲು ಬಂದ ಪಾದ್ರಿಗಳು ನಿಲುವಂಗಿ ಕಳಚಿ ಹಲಗೆಯ ತುದಿ ಹಿಡಿದು ಕೂತರು.

"ಅಲ್ಲಾಡಬೇಡಿ ಅಯ್ಯನವರೇ!"

"ನಾನಲ್ಲಮ್ಮ, ಹಲಗೆ."

"ಪ್ರಸಂಗ ಅಂದ್ರೆ ಒಂದು ಗಂಟೆ ಅಲ್ಲಾಡದೆ ನಿಲ್ತಾರೆ, ಹಲಗೆ ಕೊಟ್ರೆ ಎರಡು ನಿಮಿಷಕ್ಕೇ ನಡುಕ," ಎಂದ ಸೋದರಮಾವ. ಪಾದ್ರಿಗಳೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಗರಗಸ ಮೊದಲು ಜಾರಿತು. ಮಗಳು ಬಿಳಿಚಿಕೊಂಡಳು. ಎಡಗೈಯ ಮೂರು ಬೆರಳಿಂದ ಮರವನ್ನು ಒತ್ತಿ ಹಿಡಿದಳು, ಮತ್ತೆ ಎಳೆದಳು. ಈ ಸಲ ಗರಗಸ ಮರ ಕೊಯ್ಯಿತು. ಹಳೆಯ ರಾಗ ಸಿಕ್ಕಿದಂತೆ ತೋಳು ತಾನೇ ನಡೆಯಿತು.

ಎರಡೂಕಾಲಿಗೆ ಮೇಸ್ತ್ರಿಯ ಭುಜಗಳು ಒಳಗಿಳಿದು ಮುಚ್ಚಳ ಟಪ್ಪೆಂದು ಕೂತಿತು. ಎಲ್ಲರೂ "ಹೋ!" ಎಂದು ಚಪ್ಪಾಳೆ ತಟ್ಟಿ, ಮರುಕ್ಷಣ ಎಲ್ಲಿದ್ದೇವೆಂದು ನೆನಪಾಗಿ ನಾಲಗೆ ಕಚ್ಚಿಕೊಂಡರು. ಹೆಂಡತಿ ಮಾತ್ರ ಇನ್ನೆರಡು ಸಲ ತಟ್ಟಿದಳು.

ದೇವಾಲಯದ ಗೇಟಿಗೆ ಬಂದಾಗ ಮಗಳು ಹಿಂದೆ ನಿಂತಳು. ಪೆಟ್ಟಿಗೆ ಮೆಟ್ಟಿಲು ಹತ್ತಿತು. ಒಳಗೆ ಜನ ಕಿಕ್ಕಿರಿದಿದ್ದರು. ಎರಡು ಬದಿಯಲ್ಲಿ ಹೊತ್ತವರಿಗೆ ಬೆಂಚುಗಳ ನಡುದಾರಿ ಸಾಲಲಿಲ್ಲ. "ಮೇಲೆತ್ತಿ, ಕೈಯಿಂದ ಕೈಗೆ ಕೊಡಿ!" ಎಂದು ಯಾರೋ ಕೂಗಿದರು. ಪೆಟ್ಟಿಗೆ ತಲೆಗಳ ಮೇಲಕ್ಕೆ ಏರಿತು. ಆಗ ಗೇಟಿನಲ್ಲಿ ನಿಂತ ಅವಳಿಗೆ ತೆರೆದ ಬಾಗಿಲಲ್ಲಿ ಕಂಡಿತು: ತಳದ ಹೊಸ ಪಟ್ಟಿ ಒಂದು ತುದಿಯಲ್ಲಿ ಬಾಯಿ ಬಿಡುತ್ತಿದೆ.

"ಅಲ್ಲಿ ಒತ್ತಿ ಹಿಡೀರಿ! ಅಲ್ಲಲ್ಲ, ಅಯ್ಯೋ, ಅಲ್ಲಿ!"

ಯಾರಿಗೂ ತಿಳಿಯಲಿಲ್ಲ. ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ, ಜನರ ನಡುವೆ ನುಸುಳಿ, ಪೆಟ್ಟಿಗೆಯ ಅಡಿಗೆ ಸೇರಿ ಎರಡೂ ಅಂಗೈಯಿಂದ ಪಟ್ಟಿಯನ್ನು ಮೇಲಕ್ಕೊತ್ತಿ ಹಿಡಿದಳು. ಕೈಯಿಂದ ಕೈಗೆ ಪೆಟ್ಟಿಗೆ ಮುಂದೆ ಹೋಯಿತು, ಅದರ ಕೆಳಗೆ ಅವಳೂ.

ಕೊನೆಗೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ತೆರೆದುಕೊಂಡ ತುದಿಯನ್ನು ಬೆಂಚು ರಿಪೇರಿಗೆಂದು ಅಪ್ಪ ಪಾದ್ರಿಗಳ ಪೀಠದ ಹಿಂದೆ ಇಟ್ಟಿದ್ದ ಸುತ್ತಿಗೆಯಿಂದ ಎರಡೇಟು ಹಾಕಿ ಕೂರಿಸಿದಳು. ಹಾಡು ಶುರುವಾಯಿತು. ಹಾಡು ಮುಗಿದು ಪ್ರಾರ್ಥನೆಗೆಂದು ಎಲ್ಲ ತಲೆಗಳು ಬಾಗಿದಾಗ ಪಾದ್ರಿಗಳು ಒಂದು ಕ್ಷಣ ಕಣ್ಣು ತೆರೆದರು. ಮುಂದಿನ ಬೆಂಚಿನಲ್ಲಿ ಅವಳು, ಕೂದಲ ತುಂಬ ಮರದ ಹುಡಿ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹುಬ್ಬು ಗಂಟಿಕ್ಕಿತ್ತು, ತುಟಿಗಳು ಯಾರೊಡನೆಯೋ ಭರ್ಜರಿ ಜಗಳಕ್ಕಿಳಿದಂತೆ ಪಟಪಟನೆ ಆಡುತ್ತಿದ್ದವು. ಆ ಭರಕ್ಕೆ, ತೆಗೆಯಲು ಮರೆತು ಕಿವಿಯ ಮೇಲೆ ಹಾಗೇ ಉಳಿದಿದ್ದ ಮೋಟು ಪೆನ್ಸಿಲು ಕುಣಿಯುತ್ತಿತ್ತು.